ಕಿವಿಯ ಅಂಚು ನೋಡಿ ಆನೆಯನ್ನು ಗುರುತಿಸಬಹುದೇ?

ತೋಟದವರು, ಸಿದ್ದಾಪುರ: ಸರ್, ಎರಡು ರಾತ್ರಿಯ ಕ್ಯಾಮೆರಾ ಚಿತ್ರ ಹಾಕಿದ್ದೇನೆ. ಎರಡರಲ್ಲೂ ಎಡಗಿವಿಯ ಕೆಳಗಿನ ಅಂಚು ಹರಿದಿದೆ. ಚಿತ್ರ ವಿಶ್ಲೇಷಿಸುವ ತಂತ್ರಾಂಶ ಓಪನ್‌ಸಿವಿಯಲ್ಲಿ ಎರಡು ಆಕಾರ ಹೋಲಿಸುವ ಮ್ಯಾಚ್‌ಶೇಪ್ಸ್ ಎಂಬ ಫಂಕ್ಷನ್‌ಗೆ ಕೊಟ್ಟರೆ 0.02 ಬಂತು. ಅದೇ ಒಂಟಿ ಸಲಗ, ಹಿಡಿಸಿ ಎಂದು ಅರಣ್ಯ ಇಲಾಖೆಗೆ ಅರ್ಜಿ ಕೊಡಬಹುದೇ?

ಅಂಗಡಿಯವರು, ಕುಶಾಲನಗರ: 0.02 ಎಂದರೆ ನೂರಕ್ಕೆ ಎರಡರಷ್ಟೇ ಹೋಲಿಕೆಯಲ್ಲವೇ?

ಎಂಜಿನಿಯರ್: ಅಲ್ಲ. ಅದು ಅಂತರ. ಸೊನ್ನೆಗೆ ಹತ್ತಿರವಾದಷ್ಟೂ ಹೋಲಿಕೆ ಹೆಚ್ಚು.

ಸಿದ್ದಾಪುರದವರೇ, ದಯವಿಟ್ಟು ಅರ್ಜಿ ಕೊಡಬೇಡಿ. ಆ ಫಂಕ್ಷನ್ ಹೋಲಿಸುವುದು 1962ರಲ್ಲಿ ಹೂ ಎಂಬವರು ಕೊಟ್ಟ ಏಳು ಮೊಮೆಂಟ್‌ಗಳನ್ನು, ಅಂದರೆ ಆಕಾರವನ್ನು ವರ್ಣಿಸುವ ಏಳು ಸಂಖ್ಯೆಗಳನ್ನು. ಅವು ಇಡೀ ಆಕಾರವನ್ನು ಒಟ್ಟಾಗಿ ನೋಡುತ್ತವೆ. ಅಕ್ಕಿ ರೊಟ್ಟಿಯ ಅಂಚನ್ನು ಮಗು ಕಚ್ಚಿದರೂ ಅವಕ್ಕೆ ಹೆಚ್ಚುಕಡಿಮೆ ಅದೇ ರೊಟ್ಟಿ. ನಮಗೆ ಬೇಕಾದದ್ದು ಕಚ್ಚಿದ ಜಾಗ. ಕಿವಿಯ ಮೇಲಿನ ಬುಡದಿಂದ ಕೆಳಗಿನ ಬುಡಕ್ಕೆ ಹೊರ ಅಂಚನ್ನು ಮಾತ್ರ ತೆರೆದ ಗೆರೆಯಾಗಿ ತೆಗೆದುಕೊಳ್ಳಿ, ಸಮದೂರದಲ್ಲಿ 200 ಚುಕ್ಕಿ ಇಡಿ, ಪ್ರತಿ ಚುಕ್ಕಿಯಲ್ಲಿ ಗೆರೆ ಎಷ್ಟು ಬಾಗಿದೆ ಎಂದು ಲೆಕ್ಕ ಹಾಕಿ. ಎರಡು ಚಿತ್ರಗಳ ಆ ಸರಣಿಗಳನ್ನು ಡೈನಮಿಕ್ ಟೈಮ್ ವಾರ್ಪಿಂಗ್‌ನಿಂದ (ಸರಣಿಯನ್ನು ಅಲ್ಲಲ್ಲಿ ಹಿಗ್ಗಿಸಿ ಕುಗ್ಗಿಸಿ ಜೋಡಿಸುವ ವಿಧಾನ) ಹೊಂದಿಸಿದರೆ ಕಿವಿ ತುಸು ಹಿಗ್ಗಿದಂತೆ ಕಂಡರೂ ಹರಕಿನ ಎದುರು ಹರಕು ಬಂದು ನಿಲ್ಲುತ್ತದೆ. ಡಾಲ್ಫಿನ್‌ಗಳನ್ನು ಗುರುತಿಸುವ ತಂತ್ರಾಂಶಗಳೂ ಬೆನ್ನಿನ ರೆಕ್ಕೆಯ ಹಿಂಬದಿಯ ಹರಕುಗಳನ್ನೇ ನಂಬುತ್ತವೆ.

ನನ್ನನ್ನು ಕಾಡಿದ್ದು ಬೇರೆ. ಎರಡನೆಯ ಚಿತ್ರವನ್ನು ದೊಡ್ಡದು ಮಾಡಿ ನೋಡಿ. 'ಹರಿದ' ಜಾಗದಲ್ಲಿ ನರ ಕಾಣುತ್ತದೆ. ಅದು ಕಿವಿಯ ಮುಂದೆ ಬಂದ ರೊಬಸ್ಟಾ ಕಾಫಿ ಎಲೆಯ ತುದಿ! ಇನ್‌ಫ್ರಾರೆಡ್ ಬೆಳಕಿಗೆ ಎಲೆ ಬೆಳ್ಳಗೆ ಹೊಳೆದಿದೆ. ತಂತ್ರಾಂಶ ಅದನ್ನು ಹಿನ್ನೆಲೆ ಎಂದುಕೊಂಡು ಕಿವಿಯನ್ನು ಕತ್ತರಿಸಿಬಿಟ್ಟಿದೆ.

ಸದಸ್ಯರು, ವಿರಾಜಪೇಟೆ: ಬಂದ ಸಂದೇಶ: "ಚಿತ್ರವನ್ನು ಮೂರು ಸಲ ಬ್ಲರ್ ಮಾಡಿದರೆ ಯಾವ ಪ್ರಾಣಿಯನ್ನಾದರೂ ಗುರುತಿಸಬಹುದು. ಎಲ್ಲರಿಗೂ ಕಳುಹಿಸಿ."

ಎಂಜಿನಿಯರ್: ಕಳುಹಿಸಬೇಡಿ. ಮೂರು ಸಲ ಬ್ಲರ್ ಮಾಡಿದರೆ ಮೊದಲು ಅಳಿಸಿಹೋಗುವುದೇ ಹರಕು. ಈ ವಾರ ಇದು ನಾಲ್ಕನೆಯ ಸಲ ಬರುತ್ತಿದೆ.

ವಿದ್ಯಾರ್ಥಿನಿ, ಪೊನ್ನಂಪೇಟೆ: ಸರ್, ಒಂದರಲ್ಲಿ ಎಡಗಿವಿ, ಇನ್ನೊಂದರಲ್ಲಿ ಬಲಗಿವಿ ಇದ್ದರೆ?

ಎಂಜಿನಿಯರ್: ಹೋಲಿಸಬಾರದಮ್ಮ. ಎರಡು ಕಿವಿಯ ಹರಕು ಬೇರೆ ಬೇರೆ. ಚಿತ್ರವನ್ನು ಕನ್ನಡಿಯಂತೆ ತಿರುಗಿಸಿದರೂ ಹೂ ಮೊಮೆಂಟ್‌ಗಳಲ್ಲಿ ಮೊದಲ ಆರು ಬದಲಾಗುವುದಿಲ್ಲ, ಏಳನೆಯದರ ಚಿಹ್ನೆ ಮಾತ್ರ ತಿರುಗುತ್ತದೆ. ಹಾಗಾಗಿ ಎಡಬಲ ಬೆರೆತರೂ ಅಂತರ ಕಡಿಮೆಯೇ ಬರಬಹುದು.

ಸದಸ್ಯೆ, ಸೋಮವಾರಪೇಟೆ: ಎಲೆಯ ಆಕಾರದಿಂದ ಪಣಿಯೂರ್, ಕರಿಮುಂಡ ಮೆಣಸಿನ ಬಳ್ಳಿಗಳನ್ನು ಬೇರ್ಪಡಿಸಬಹುದೇ ಸರ್?

ಸದಸ್ಯರು, ವಿರಾಜಪೇಟೆ: ಎಲೆಯೋ ಕಿವಿಯೋ, ತೋಟದಲ್ಲಿ ಹಲಸು ಬಿಟ್ಟುಕೊಂಡರೆ ಆನೆ ಬಾರದೆ ಇರುತ್ತದೆಯೇ?

ತೋಟದವರು, ಸಿದ್ದಾಪುರ: ಮರ ಕಡಿದರೆ ಕಾಫಿಗೆ ನೆರಳು ನೀವು ಕೊಡುತ್ತೀರಾ?

ಸದಸ್ಯರು, ವಿರಾಜಪೇಟೆ: ಕಾಯಿ ಎಳೆಯದಾಗಿರುವಾಗಲೇ ಇಳಿಸಿ ಎನ್ನುತ್ತಿದ್ದೇನೆ.

ತೋಟದವರು, ಸಿದ್ದಾಪುರ: ಆಳು ಎಲ್ಲಿದ್ದಾರೆ? ನೀವೇ ಬಂದು ಹತ್ತಿ.

ಅಂಗಡಿಯವರು, ಕುಶಾಲನಗರ: ಹಾಗಾದರೆ 0.02 ಒಳ್ಳೆಯದೋ ಕೆಟ್ಟದ್ದೋ?

ಎಂಜಿನಿಯರ್: ಮೇಲೆ ಇದೆ. ಓದಿ.

ತೋಟದವರು, ಸಿದ್ದಾಪುರ: ಎಲೆ ಇರಬಹುದು, ಒಪ್ಪಿದೆ. ಎಷ್ಟು ಬಂದರೆ ಖಚಿತ, ಅದನ್ನಾದರೂ ಹೇಳಿ.

ಎಂಜಿನಿಯರ್: ಬರೀ ಒಂದು ಸಂಖ್ಯೆಯಿಂದ ಏನೂ ಖಚಿತವಾಗುವುದಿಲ್ಲ. ಒಂದೇ ಆನೆಯ ಒಂದೇ ರಾತ್ರಿಯ ಎರಡು ಚಿತ್ರಗಳ ಅಂತರ ಅಳೆಯಿರಿ, ಬೇರೆ ಬೇರೆ ಆನೆಗಳದ್ದನ್ನೂ ಅಳೆಯಿರಿ. ನಿಮ್ಮದು ಯಾವುದರ ಹತ್ತಿರ ಬೀಳುತ್ತದೆ ನೋಡಿ. ಆಮೇಲೂ ದಂತ, ಬಾಲದ ಕೂದಲು, ಕಿವಿಯ ಮೇಲಂಚಿನ ಮಡಿಕೆಯನ್ನು ಕಣ್ಣಾರೆ ನೋಡದೆ ಸಹಿ ಹಾಕಬೇಡಿ. ತಪ್ಪಾದರೆ ಹಿಡಿದು ಸಾಗಿಸುವಾಗ ಕ್ರೇನಿನಲ್ಲಿ ನೇತಾಡುವುದು ಬೇರೊಂದು ಆನೆ. ಕಿವಿ ಅಗಲಿಸಿ ನಿಂತ ಚಿತ್ರವಿದ್ದರೆ ಕಳುಹಿಸಿ.

ತೋಟದವರು, ಸಿದ್ದಾಪುರ: ಕಿವಿ ಅಗಲಿಸಿ ನಿಲ್ಲು ಎಂದು ಆನೆಗೆ ಹೇಳಲೇ?

ಎಂಜಿನಿಯರ್: ಕ್ಯಾಮೆರಾದ ಮುಂದಿನ ಕಾಫಿ ಗಿಡದ ರೆಂಬೆಯನ್ನು ಮೊದಲು ಕತ್ತರಿಸಿ.