ಹಳೆಯ ರಾಷ್ಟ್ರೀಯ ಹೆದ್ದಾರಿ 4 ಮತ್ತು ಇಂದಿನ 48: ಎರಡೂ ಒಂದೇ ರಸ್ತೆಯೇ?

ಪ್ರಶ್ನೆ:
ಹೆದ್ದಾರಿ ಬದಿಯ ಊರುಗಳ ಇತಿಹಾಸದ ಬಗ್ಗೆ ಟಿಪ್ಪಣಿ ಸಿದ್ಧಪಡಿಸುತ್ತಿದ್ದೇನೆ. ಹಳೆಯ ಕ್ರಯಪತ್ರಗಳ ಚಕ್ಕುಬಂದಿಯಲ್ಲಿ (ಆಸ್ತಿಯ ನಾಲ್ಕೂ ಕಡೆಯ ಗಡಿ ವಿವರದಲ್ಲಿ) ಚಿತ್ರದುರ್ಗದ ಬಳಿಯ ರಸ್ತೆಯನ್ನು ‘ಪೂನಾ-ಬೆಂಗಳೂರು ರಸ್ತೆ’ ಎಂದೂ ಆಮೇಲಿನವುಗಳಲ್ಲಿ ‘ರಾ.ಹೆ. 4’ ಎಂದೂ ಬರೆದಿದ್ದಾರೆ. ಇಂದಿನ ಫಲಕಗಳಲ್ಲಿ 48 ಎಂದಿದೆ. ಹಾಸನದ ಕಡೆಯ ಹಿರಿಯರಿಗೆ ಮಾತ್ರ 48 ಎಂದರೆ ಮಂಗಳೂರು ರಸ್ತೆ. ಟಿಪ್ಪಣಿಯಲ್ಲಿ 4 ಎಂದಿರುವಲ್ಲೆಲ್ಲ 48 ಎಂದು ತಿದ್ದಬಹುದೇ?

ಉತ್ತರ 1:
ದಯವಿಟ್ಟು ಹಾಗೆ ತಿದ್ದಬೇಡಿ. 2010ರಲ್ಲಿ ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯವು ರಾಷ್ಟ್ರೀಯ ಹೆದ್ದಾರಿಗಳ ಸಂಖ್ಯೆಗಳನ್ನು ಬದಲಾಯಿಸಿದಾಗ, ಉತ್ತರ-ದಕ್ಷಿಣವಾಗಿ ಸಾಗುವವುಗಳಿಗೆ ಪೂರ್ವದಿಂದ ಪಶ್ಚಿಮಕ್ಕೆ ಏರುವ ಸಮಸಂಖ್ಯೆಗಳನ್ನೂ, ಪೂರ್ವ-ಪಶ್ಚಿಮವಾಗಿ ಸಾಗುವವುಗಳಿಗೆ ಉತ್ತರದಿಂದ ದಕ್ಷಿಣಕ್ಕೆ ಏರುವ ಬೆಸಸಂಖ್ಯೆಗಳನ್ನೂ ಗೊತ್ತುಪಡಿಸಿತು. ದೆಹಲಿಯಿಂದ ಮುಂಬಯಿಗೆ ಬರುತ್ತಿದ್ದ ಹಳೆಯ 8ನ್ನೂ, ಅಲ್ಲಿಂದ ಪುಣೆ, ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ತುಮಕೂರುಗಳ ಮೇಲೆ ಬೆಂಗಳೂರಿಗೆ ಬರುತ್ತಿದ್ದ ಹಳೆಯ 4ನ್ನೂ ಜೋಡಿಸಿ 48 ಎಂದು ಕರೆಯಲಾಯಿತು. ನಿಮ್ಮ ಚಿತ್ರದುರ್ಗದ ಮಟ್ಟಿಗೆ ಎರಡೂ ಒಂದೇ.

ಬೆಂಗಳೂರು ದಾಟಿದ ಮೇಲೆ ದಾರಿಯೇ ಬೇರೆ. ಹಳೆಯ 4 ಕೋಲಾರ, ಮುಳಬಾಗಿಲು, ಚಿತ್ತೂರುಗಳ ಮೇಲೆ ಚೆನ್ನೈಗೆ ಹೋಗುತ್ತಿತ್ತು. 48 ಹೊಸೂರು, ಕೃಷ್ಣಗಿರಿ, ವೆಲ್ಲೂರುಗಳ ಮೇಲೆ ಹೋಗುತ್ತದೆ. ಸುವರ್ಣ ಚತುಷ್ಪಥ ಯೋಜನೆಯೂ ಇದೇ ದಾರಿಯನ್ನು ಆರಿಸಿಕೊಂಡಿತ್ತು. ಆದ್ದರಿಂದ ಕೋಲಾರದ ಹಳೆಯ ಪತ್ರದಲ್ಲಿ 4 ಎಂದಿದ್ದರೆ ಅದು ಇಂದಿನ 75. ಹಾಸನ, ಸಕಲೇಶಪುರ, ಶಿರಾಡಿ ಘಾಟಿಯ ಮೂಲಕ ಮಂಗಳೂರಿಗೆ ಹೋಗುತ್ತಿದ್ದ ಹಳೆಯ 48 ಕೂಡ ಬಂಟ್ವಾಳದವರೆಗೆ ಅದೇ 75ರೊಳಗೆ ಸೇರಿದೆ. ಹಿರಿಯರು ಹೇಳಿದ್ದು ನಿಜ. ಇನ್ನು 4 ಎಂಬ ಸಂಖ್ಯೆ ಈಗ ಅಂಡಮಾನಿನ ಹೆದ್ದಾರಿಗೆ ಸಂದಿದೆ.

ಉತ್ತರ 2:
ಮೇಲಿನ ವಿವರಣೆಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ‘ಪೂನಾ-ಬೆಂಗಳೂರು ರಸ್ತೆ’ ಎಂದಿದ್ದರೆ ಅದು ಇಂದಿನ ಹೆದ್ದಾರಿಯೇ ಎಂದು ಭಾವಿಸುವಂತಿಲ್ಲ, ಏಕೆಂದರೆ ಬೈಪಾಸ್‌ಗಳು ಬಂದ ಮೇಲೆ ಹೆದ್ದಾರಿ ಅನೇಕ ಊರುಗಳ ಹೊರಗೆ ಸರಿದಿದೆ. ಹುಬ್ಬಳ್ಳಿ-ಧಾರವಾಡದಲ್ಲಿ ಜನ ಇಂದಿಗೂ ಪಿ.ಬಿ. (ಪೂನಾ-ಬೆಂಗಳೂರು) ರಸ್ತೆ ಎನ್ನುವುದು ಊರೊಳಗಿನ, ಬಿಆರ್‌ಟಿಎಸ್ (ತ್ವರಿತ ಬಸ್ ಸಾರಿಗೆ) ಬಸ್ಸುಗಳು ಓಡುವ ರಸ್ತೆಯನ್ನು. ಹೆದ್ದಾರಿಯ ವಾಹನಗಳು ಹುಬ್ಬಳ್ಳಿ ಬಳಿಯ ಗಬ್ಬೂರಿನಿಂದ ಧಾರವಾಡದ ಬಳಿಯ ನರೇಂದ್ರದವರೆಗೆ ಬೈಪಾಸ್‌ನಲ್ಲಿ ಸಾಗುತ್ತವೆ. ದಾವಣಗೆರೆಯಲ್ಲೂ ಹಳೆಯ ಪಿ.ಬಿ. ರಸ್ತೆ ಊರ ನಡುವೆಯೇ ಇದೆ.

ಪ್ರಶ್ನೆ ಕೇಳಿದವರಿಂದ:
ಇಬ್ಬರಿಗೂ ಧನ್ಯವಾದಗಳು. ಬೆಳಗಾವಿಯ ಒಂದು ಪತ್ರದಲ್ಲಿ ‘4ಎ’ ಎಂದಿದೆ. ಅದಕ್ಕೆ ಈಗ ಯಾವ ಸಂಖ್ಯೆ?

ಉತ್ತರ 1:
ಅದು ಬೆಳಗಾವಿ-ಪಣಜಿ ರಸ್ತೆ, ಈಗಿನ 748. ಹೊಸ ಪದ್ಧತಿಯಲ್ಲಿ ಅಕ್ಷರದ ಬದಲು ಮುಖ್ಯ ಹೆದ್ದಾರಿಯ ಸಂಖ್ಯೆಯ ಎಡಕ್ಕೆ ಒಂದು ಅಂಕಿ ಸೇರಿಸಿ ಶಾಖೆಯನ್ನು ಗುರುತಿಸುತ್ತಾರೆ. ಟಿಪ್ಪಣಿಯಲ್ಲಿ ಪತ್ರದ ಸಂಖ್ಯೆಯನ್ನು ಇದ್ದಂತೆಯೇ ಉಳಿಸಿ, ಪಕ್ಕದಲ್ಲಿ ಪತ್ರದ ವರ್ಷವನ್ನೂ ಇಂದಿನ ಸಂಖ್ಯೆಯನ್ನೂ ಕೊಡಿ.