ಜೀನ್ ತಿದ್ದಿದ ಹಸು ನಮ್ಮ ಕೊಟ್ಟಿಗೆಗೆ ಬರಬೇಕಾ?

ಮಂಜುನಾಥ, ಯಲಹಂಕ
ನಾನು ಕೆಲಸಕ್ಕೆ ಅಂತ ಯಲಹಂಕದಲ್ಲಿದ್ದೇನೆ. ಊರು ದೊಡ್ಡಬಳ್ಳಾಪುರದ ಕಡೆ, ಹಸುಗಳನ್ನು ಅಣ್ಣ ನೋಡಿಕೊಳ್ಳುತ್ತಾನೆ. ಎಲ್ಲವೂ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಅನ್ನುವ ವಿದೇಶಿ ಹಾಲಿನ ತಳಿ) ಕ್ರಾಸ್. ಏಪ್ರಿಲ್ ಬಂದರೆ ಸಾಕು, ಮಧ್ಯಾಹ್ನ ಮೇವಿಗೆ ಬಾಯಿ ಹಾಕುವುದಿಲ್ಲ, ಜೊಲ್ಲು ಸುರಿಸಿಕೊಂಡು ಏದುಸಿರು ಬಿಡುತ್ತಾ ನಿಂತೇ ಇರುತ್ತವೆ, ಸಂಜೆ ಡೇರಿಗೆ ಹಾಕುವ ಹಾಲೂ ಇಳಿಯುತ್ತದೆ, ಬೆದೆಗೆ ಬಂದರೂ ಗಬ್ಬ ನಿಲ್ಲುವುದಿಲ್ಲ. ಬಿಸಿಲು ತಡೆಯುವ ಹಾಗೆ ಜೀನ್ ತಿದ್ದಿದ ದನಕ್ಕೆ ಅಮೆರಿಕದಲ್ಲಿ 2022ರಲ್ಲೇ ದಾರಿ ಬಿಟ್ಟಿದ್ದಾರೆ ಅಂತ ಓದಿದೆ. ಕಾಶ್ಮೀರದ ಕೃಷಿ ವಿಶ್ವವಿದ್ಯಾಲಯದಲ್ಲಿ ಜೀನ್ ತಿದ್ದಿದ ಕುರಿಮರಿಯೂ ಹುಟ್ಟಿದೆಯಂತೆ. ಇಂಥದ್ದು ನಮಗೂ ಬೇಕಾ? ಅದರ ಹಾಲು ಕುಡಿಯಬಹುದಾ? ಗೊತ್ತಿದ್ದವರು ಬಿಡಿಸಿ ಹೇಳಿ, ಅಣ್ಣ ಕೇಳುತ್ತಲೇ ಇದ್ದಾನೆ.

ಸವಿತಾ, ಹೆಬ್ಬಾಳ (ಪಶುವೈದ್ಯೆ)
ಮಂಜುನಾಥ್ ಅವರೇ, ಬೇರೆ ಜೀವಿಯ ಜೀನ್ ತಂದು ಸೇರಿಸುವುದು ಒಂದು ಕೆಲಸ, ಇರುವ ಜೀನನ್ನೇ ತಿದ್ದುವುದು ಇನ್ನೊಂದು. 2015ರಲ್ಲಿ ಅಮೆರಿಕ ಒಪ್ಪಿದ ಸಾಲ್ಮನ್ ಮೀನು ಮೊದಲನೇ ಬಗೆಯದು, ಅದಕ್ಕೆ ಬೇರೆ ಜಾತಿಯ ಸಾಲ್ಮನ್‌ನ ಬೆಳವಣಿಗೆ ಜೀನ್ ಹಾಕಿದ್ದರು. ನೀವು ಓದಿದ ದನದಲ್ಲಿ ಹಾಗಲ್ಲ. ಅದರದೇ ಪ್ರೊಲ್ಯಾಕ್ಟಿನ್ ರಿಸೆಪ್ಟರ್ (ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಹಿಡಿಯುವ ಪ್ರೋಟೀನ್) ಜೀನನ್ನು ಕ್ರಿಸ್ಪರ್ ಅನ್ನುವ ಜೀನ್ ಕತ್ತರಿಯಿಂದ ಒಂದು ಕಡೆ ಕತ್ತರಿಸಿದ್ದಾರೆ. ಕೂದಲು ಗಿಡ್ಡವಾಗಿ ನುಣ್ಣಗಾಗುತ್ತದೆ, ಮೈ ಕಾವು ಬೇಗ ಇಳಿಯುತ್ತದೆ. ಕೆರಿಬಿಯನ್ ದ್ವೀಪಗಳ ಸೆನೆಪೋಲ್ ತಳಿಯಲ್ಲಿ ಇಂಥದ್ದೇ ಬದಲಾವಣೆ ತಾನಾಗಿಯೇ ಇದೆ.

2022ರಲ್ಲಿ ದಾರಿ ಬಿಟ್ಟಿದ್ದು ಮಾಂಸದ ದನಗಳಿಗೆ, ಹಾಲಿನ ಹಸುವಿಗಲ್ಲ. ಪ್ರೊಲ್ಯಾಕ್ಟಿನ್ ಹಾಲಿಗೂ ಬೇಕಾದ ಹಾರ್ಮೋನ್, ಹಾಗಾಗಿ ಹಾಲಿನ ಪರೀಕ್ಷೆ ಬೇರೆಯಾಗಿಯೇ ಆಗಬೇಕು. ಆದರೆ ಪೋರ್ಟೊ ರಿಕೊ, ಫ್ಲೋರಿಡಾದಲ್ಲಿ ಬರೀ ಕ್ರಾಸ್‌ನಿಂದ ಈ ಗುಣ ಬಂದ ಎಚ್‌ಎಫ್ ಹಸುಗಳಿವೆ, ವರ್ಷಗಳಿಂದ ಹಾಲು ಕೊಡುತ್ತಿವೆ. ಅದಕ್ಕೇ ಹಾಲಿನ ಬಗ್ಗೆ ನನಗೆ ಹೆದರಿಕೆ ಕಮ್ಮಿ.

ಹೆದರಿಕೆ ಇರುವುದು ಬೇರೆ ಕಡೆ. 2015ರಲ್ಲಿ ಮಿನ್ನೆಸೋಟದ ಒಂದು ಕಂಪನಿ ಕೊಂಬು ಬಾರದ ಹಾಗೆ ಜೀನ್ ತಿದ್ದಿದ ಹೋರಿಕರುಗಳನ್ನು ಹುಟ್ಟಿಸಿತು. ಎಲ್ಲಾ ಸರಿಯಾಗಿದೆ ಅಂತಲೇ ಎಲ್ಲರೂ ನಂಬಿದ್ದರು. 2019ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅವುಗಳ ಪೂರ್ತಿ ಡಿಎನ್‌ಎ ಮಾಹಿತಿಯನ್ನು ಪರಿಶೀಲಿಸಿದಾಗ, ತಿದ್ದಲು ಬಳಸಿದ ಬ್ಯಾಕ್ಟೀರಿಯಾದ ಡಿಎನ್‌ಎ ತುಂಡು ಒಳಗೇ ಸೇರಿಕೊಂಡಿತ್ತು, ಆಂಟಿಬಯಾಟಿಕ್‌ಗೆ ಬಗ್ಗದ ಜೀನ್ ಸಮೇತ. ಅಂಥ ಹೋರಿಯ ವೀರ್ಯದ ಕಡ್ಡಿ ಊರೂರಿಗೆ ಹೋಗಿದ್ದರೆ? ಮಾಡಿದವರ ಮಾತೊಂದೇ ಸಾಲದು, ಹೊರಗಿನವರು ಪರೀಕ್ಷೆ ಮಾಡಲೇಬೇಕು.

ಗೌರಮ್ಮ, ಆನೇಕಲ್
ಕರುವಿನ ಕೊಂಬು ಸುಡುವುದನ್ನು ನೋಡಿದವರಿಗೆ ಕೊಂಬಿಲ್ಲದ ಹಸು ಯಾಕೆ ಬೇಕು ಅಂತ ಗೊತ್ತು. ಮೊಳೆಯುತ್ತಿರುವ ಕೊಂಬಿನ ಮೇಲೆ ಕಾದ ಕಬ್ಬಿಣ ಒತ್ತುತ್ತಾರೆ, ಕೊಟ್ಟಿಗೆಯೆಲ್ಲ ಸುಟ್ಟ ಕೂದಲಿನ ವಾಸನೆ. ಮರಗಟ್ಟಲು ಇಂಜೆಕ್ಷನ್ ಕೊಟ್ಟಿದ್ದರೂ ಆಮೇಲೆ ಕರು ತಲೆ ಮುಟ್ಟಲು ಬಿಡುವುದಿಲ್ಲ.

ಆದರೆ ನನ್ನ ಕೇಳಿದರೆ ರೋಗದ್ದೇ ಮೊದಲ ಕೆಲಸ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಮೈತುಂಬಾ ಗಂಟೆದ್ದ ಹಸುವಿನ ಮುಂದೆ ರಾತ್ರಿಯೆಲ್ಲ ಕೂತವರು ನಾವು. ಅಮೆರಿಕದಲ್ಲಿ 2025ರಲ್ಲಿ ಪಿಆರ್‌ಆರ್‌ಎಸ್ ಅನ್ನುವ ರೋಗ ತಗಲದ ಹಂದಿಗೆ ಒಪ್ಪಿಗೆ ಕೊಟ್ಟರಲ್ಲ, ಕಾಲುಬಾಯಿ ಜ್ವರಕ್ಕೂ ಹಾಗೆ ಏನಾದರೂ ಮಾಡಲಿ ಸವಿತಮ್ಮ.

ಸವಿತಾ, ಹೆಬ್ಬಾಳ
ಆಸೆ ನನಗೂ ಇದೆ ಅಕ್ಕ. ಆ ವೈರಸ್ ಹಂದಿಯ ಸಿಡಿ163 ಅನ್ನುವ ಒಂದೇ ಪ್ರೋಟೀನ್ ಹಿಡಿದು ಒಳಗೆ ಬರುತ್ತದೆ, ಅದನ್ನು ತಿದ್ದಿದ್ದಕ್ಕೆ ದಾರಿ ಮುಚ್ಚಿತು. ಎಲ್ಲಾ ರೋಗವೂ ಇಷ್ಟು ಸುಲಭವಲ್ಲ. ಬ್ರಿಟನ್ನಿನಲ್ಲಿ ಹಕ್ಕಿಜ್ವರ ತಡೆಯಲು ಕೋಳಿಯ ಒಂದು ಜೀನ್ ತಿದ್ದಿದರು, ಫಲಿತಾಂಶ 2023ರಲ್ಲಿ ಬಂತು. ಸ್ವಲ್ಪ ವೈರಸ್ ಕೊಟ್ಟಾಗ ಹತ್ತರಲ್ಲಿ ಒಂಬತ್ತು ಕೋಳಿಗೆ ಸೋಂಕು ತಗಲಲಿಲ್ಲ. ಜಾಸ್ತಿ ಕೊಟ್ಟಾಗ ಅರ್ಧದಷ್ಟಕ್ಕೆ ತಗಲಿತು, ವೈರಸ್ಸೂ ರೂಪ ಬದಲಿಸಿತು. ಲಸಿಕೆ ಮಾತ್ರ ತಪ್ಪಿಸಬೇಡಿ.

ರಂಗಸ್ವಾಮಿ, ಮಾಗಡಿ ರಸ್ತೆ
ಮಂಜುನಾಥ, ಬಿಸಿಲು ತಡೆಯುವ ದನ ನಿಮ್ಮ ಪಕ್ಕದ ಘಾಟಿ ಸುಬ್ರಹ್ಮಣ್ಯದ ಜಾತ್ರೆಯಲ್ಲೇ ಸಾಲಾಗಿ ನಿಂತಿರುತ್ತದಲ್ಲಪ್ಪ. ಹಳ್ಳಿಕಾರ್ ನೋಡು, ಮಲೆನಾಡು ಗಿಡ್ಡ ನೋಡು. ಇವನ್ನು ಉಳಿಸದೆ ಲ್ಯಾಬಿನ ಹಿಂದೆ ಹೋದರೆ ನನಗೆ ಹೊಟ್ಟೆ ಉರಿಯುತ್ತದೆ. ಆ ಕಾಶ್ಮೀರದ ಕುರಿಯಲ್ಲಿ ತಿದ್ದಿದ್ದು ಮಾಂಸಖಂಡದ ಬೆಳವಣಿಗೆಗೆ ಕಡಿವಾಣ ಹಾಕುವ ಮಯೋಸ್ಟಾಟಿನ್ ಜೀನ್, ಮಾಂಸ ಜಾಸ್ತಿ ಬರಲಿ ಅಂತ. ಬೆಲ್ಜಿಯನ್ ಬ್ಲೂ ದನಕ್ಕೆ ಇದೇ ಜೀನ್ ಹುಟ್ಟಿನಿಂದಲೇ ಕೆಟ್ಟಿದೆ, ಕರು ಎಷ್ಟು ದಪ್ಪ ಅಂದರೆ ಬಹುಪಾಲು ಹೊಟ್ಟೆ ಕೊಯ್ದೇ ತೆಗೆಯಬೇಕು. ಹಳ್ಳಿಯಲ್ಲಿ ರಾತ್ರಿ ಹೊತ್ತು ಆ ಆಪರೇಷನ್ ಮಾಡುವವರು ಯಾರು?

ಮಂಜುನಾಥ, ಯಲಹಂಕ
ರಂಗಸ್ವಾಮಿ ಅಣ್ಣ, ಹಳ್ಳಿಕಾರ್ ಮೇಲೆ ನಮಗೂ ಪ್ರೀತಿ ಇದೆ. ಆದರೆ ಅದರ ಹಾಲಿನಿಂದ ಬೂಸಾ, ಹಿಂಡಿಯ ಸಾಲ ತೀರುವುದಿಲ್ಲ. ಹಾಲೂ ಇರಬೇಕು, ಬಿಸಿಲೂ ತಡೆಯಬೇಕು. ಮೇಡಂ, ನಮ್ಮಲ್ಲಿ ಇದು ಯಾವಾಗ ಸಿಗಬಹುದು?

ಸವಿತಾ, ಹೆಬ್ಬಾಳ
ಸದ್ಯಕ್ಕಿಲ್ಲ. 2022ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ನಿಯಮ ಸಡಿಲಿಸಿದ್ದು ಹೊರಗಿನ ಜೀನ್ ಸೇರಿಸದ ಗಿಡಗಳಿಗೆ ಮಾತ್ರ. ಪ್ರಾಣಿಗಳಿಗೆ ಜೀನ್ ಬದಲಿಸಿದ ಜೀವಿಗಳ ಬಗೆಗಿನ 1989ರ ನಿಯಮವೇ ಇದೆ. ಆದ್ದರಿಂದ ಯಾರಾದರೂ ಅಂಥ ಕಡ್ಡಿ ಇದೆ ಅಂತ ಈಗಲೇ ಬಂದರೆ ಕೊಳ್ಳಬೇಡಿ. ಈ ಬೇಸಿಗೆಗೆ ಅಣ್ಣನಿಗೆ ಹೇಳಿ: ಶೀಟಿನ ಮೇಲೆ ತೆಂಗಿನ ಗರಿ ಹೊದಿಸಲಿ, ಮೇವು ಬೆಳಗಿನ ಜಾವ ಮತ್ತು ರಾತ್ರಿ ಹಾಕಲಿ, ತೊಟ್ಟಿಯಲ್ಲಿ ತಣ್ಣೀರು ಯಾವಾಗಲೂ ಇರಲಿ. ಗಬ್ಬ ನಿಲ್ಲದ ಹಸುಗಳನ್ನು ಒಮ್ಮೆ ಹತ್ತಿರದ ಡಾಕ್ಟರಿಗೆ ತೋರಿಸಿ, ಎಲ್ಲಕ್ಕೂ ಬಿಸಿಲೇ ಕಾರಣ ಆಗಿರುವುದಿಲ್ಲ.