ಮಲ ಡಾಂಬರಿನ ಹಾಗೆ ಇತ್ತು, ಹಿಮೋಗ್ಲೋಬಿನ್ 11 ಇದೆ ಅಂತ ಬೆಳಗಿನವರೆಗೆ ಕಾದರು. ತಡ ಆಯಿತಾ?

ಹೇಮಾವತಿ ದಂಡೆ:
ಅಪ್ಪನಿಗೆ 66 ವರ್ಷ. ಮೂರು ವರ್ಷದ ಹಿಂದೆ ಸ್ಟೆಂಟ್ ಹಾಕಿಸಿದ್ದೆವು. ದಿನಾ ಆಸ್ಪಿರಿನ್ 75, ಮೆಟೊಪ್ರೊಲಾಲ್ ನಡೀತಾ ಇದೆ. ಕಾಲಿಗೆ ಸೋಂಕಾಗಿ ಬಾತುಕೊಂಡಿತ್ತು, ಅದಕ್ಕೆ ಕಳೆದ ವಾರ ಒಂದು ಆಸ್ಪತ್ರೆಗೆ ಸೇರಿಸಿದೆವು. ಮೂರನೇ ರಾತ್ರಿ ಎರಡು ಸಲ ಭೇದಿ ಆಯಿತು. ಕಪ್ಪಗೆ, ಹೊಳಪು ಬೇರೆ. ಬೆಡ್‌ಪ್ಯಾನ್ ತೊಳೆಯಲು ಹೋದರೆ ನೀರಿಗೆ ಬಿಡಲೇ ಇಲ್ಲ, ಅಂಟಿಕೊಂಡಿತ್ತು. ಆ ವಾಸನೆ ಇನ್ನೂ ಮೂಗಿನಲ್ಲಿದೆ.

ಸಿಸ್ಟರ್‌ಗೆ ಹೇಳಿದೆ. ಐರನ್ ಮಾತ್ರೆ ಕೊಡುತ್ತಿದ್ದೇವೆ, ಅದರಿಂದ ಇರಬೇಕು ಅಂದರು. ಡ್ಯೂಟಿ ಡಾಕ್ಟರ್ ಬಂದು ನೋಡಿದರು. ನಾಡಿ 86, ಬಿಪಿ 104/60, ಹಿಮೋಗ್ಲೋಬಿನ್ 11.2. ಗಾಬರಿ ಬೇಡ ಅಂದು ಹೋದರು. ಬೆಳಿಗ್ಗೆ ಬಾತ್‌ರೂಮಿಗೆ ಅಂತ ಎದ್ದವರು ನನ್ನ ಕೈಯಲ್ಲೇ ಕುಸಿದರು. ಆಗ ಹಿಮೋಗ್ಲೋಬಿನ್ 7.4. ಎಂಡೋಸ್ಕೋಪಿ ಮಾಡಿದ್ದು ಮಧ್ಯಾಹ್ನ. ಸಣ್ಣ ಕರುಳಿನ ಶುರುವಿನಲ್ಲೇ ಹುಣ್ಣು, ಎರಡು ಕ್ಲಿಪ್ ಹಾಕಿದರು.

ಕ್ಲಿಪ್ ಹಾಕಿ ಇವತ್ತಿಗೆ ಆರನೇ ದಿನ. ಅಪ್ಪ ಇನ್ನೂ ಅಲ್ಲೇ ಇದ್ದಾರೆ, ಗೆಲುವಾಗಿದ್ದಾರೆ. ನನ್ನ ಮನಸ್ಸಿನಲ್ಲಿ ಮೂರು ಪ್ರಶ್ನೆ ಕೊರೀತಾ ಇವೆ. ಕುಸಿದ ತಕ್ಷಣ ಯಾಕೆ ಎಂಡೋಸ್ಕೋಪಿ ಮಾಡಲಿಲ್ಲ? ಯಾಕೆ ಒಂದೇ ಬಾಟಲಿ ರಕ್ತ ಕೊಟ್ಟರು? ರಕ್ತ ನಿಲ್ಲಿಸೋ ಇಂಜೆಕ್ಷನ್ ಕೊಡಿ ಅಂತ ನಾನೇ ಕೇಳಿದರೂ ಯಾಕೆ ಕೊಡಲಿಲ್ಲ?

ಗ್ಯಾಸ್ಟ್ರೋ ಪಿಜಿ:
ನಿಮ್ಮ ಮೂರೂ ಪ್ರಶ್ನೆಗಳ ವಿಷಯದಲ್ಲಿ ಅವರು ಮಾಡಿದ್ದು ಸರಿಯೇ. ತಪ್ಪಾಗಿದ್ದು ಅದಕ್ಕೆ ಮುಂಚೆ, ಆ ರಾತ್ರಿ.

11.2 ನೋಡಿ ಸಮಾಧಾನ ಪಟ್ಟುಕೊಂಡಿದ್ದೇ ದೊಡ್ಡ ತಪ್ಪು. ಒಂದು ತಂಬಿಗೆ ಮಜ್ಜಿಗೆಯಲ್ಲಿ ಅರ್ಧ ಚೆಲ್ಲಿ ಹೋಯಿತು ಅಂದುಕೊಳ್ಳಿ. ಉಳಿದ ಅರ್ಧ ಅಷ್ಟೇ ಗಟ್ಟಿ ಇರುತ್ತೆ ಅಲ್ವಾ? ನೀರು ಬೆರೆಸಿದಾಗಲೇ ತೆಳ್ಳಗಾಗೋದು. ರಕ್ತವೂ ಹಾಗೆಯೇ. ಮೈಯೊಳಗಿನ ನೀರು ಮೆಲ್ಲಗೆ ರಕ್ತನಾಳಕ್ಕೆ ಬಂದು ಸೇರಿದ ಮೇಲೆ, ಇಲ್ಲಾ ನಾವು ಸಲೈನ್ ಕೊಟ್ಟ ಮೇಲೆ, ಹಿಮೋಗ್ಲೋಬಿನ್ ಇಳಿದಿದ್ದು ಗೊತ್ತಾಗುತ್ತೆ. ಅದಕ್ಕೆ ಒಂದು ದಿನ ಹಿಡಿದರೂ ಹಿಡಿಯಿತು. ಹಾಗಾಗಿ ಮೊದಲ ರಿಪೋರ್ಟ್ ಚೆನ್ನಾಗಿದೆ ಅಂದ ಮಾತ್ರಕ್ಕೆ ರಕ್ತಸ್ರಾವ ಇಲ್ಲ ಅಂತಲ್ಲ.

ಆ ರಾತ್ರಿಯ ರಿಪೋರ್ಟ್ ನಿಮ್ಮ ಹತ್ತಿರ ಇದೆಯಾ? ಯೂರಿಯಾ ಎಷ್ಟಿತ್ತು ನೋಡಿ ಹೇಳಿ.

ಹೇಮಾವತಿ ದಂಡೆ:
ಇದೆ. ಯೂರಿಯಾ 68, ಕ್ರಿಯಾಟಿನಿನ್ 1.0.

ಗ್ಯಾಸ್ಟ್ರೋ ಪಿಜಿ:
ನೋಡಿ, ಉತ್ತರ ಅದೇ ಕಾಗದದಲ್ಲಿತ್ತು. ಕ್ರಿಯಾಟಿನಿನ್ 1.0 ಅಂದರೆ ಕಿಡ್ನಿ ಸರಿ ಇದೆ. ಕಿಡ್ನಿ ಸರಿ ಇದ್ದೂ ಯೂರಿಯಾ ಮಾತ್ರ ಏರಿದೆ ಅಂದರೆ, ಹೊಟ್ಟೆಯೊಳಗೆ ಸೋರಿದ ರಕ್ತ ಕರುಳಿನಲ್ಲಿ ಜೀರ್ಣ ಆಗ್ತಾ ಇದೆಯಾ ಅಂತ ಮೊದಲು ಅನುಮಾನ ಬರಬೇಕು. ರಕ್ತ ಅಂದರೆ ಪ್ರೋಟೀನ್ ತಾನೆ. ಐರನ್ ಮಾತ್ರೆಯಿಂದ ಯೂರಿಯಾ ಏರೋದಿಲ್ಲ. ಬಿಪಿ 104 ಕೂಡ ಅವರ ಮಾಮೂಲಿಗಿಂತ ಕಡಿಮೆ ಇದ್ದಿರಬಹುದು.

ನೈಟ್ ಡ್ಯೂಟಿ ಸಿಸ್ಟರ್:
ಡಾಕ್ಟ್ರೇ, ನೀವು ಹೇಳೋದು ಸರಿ. ಆದರೂ ನಮ್ಮ ಕಡೆಯಿಂದ ಒಂದು ಮಾತು. ಒಬ್ಬಳೇ ಮೂವತ್ತು ಬೆಡ್ ನೋಡಿಕೊಂಡ ರಾತ್ರಿಗಳು ನನಗೂ ಇವೆ. ಕಪ್ಪು ಮಲ ಅಂತ ಯಾರಾದರೂ ಬಂದರೆ ಐರನ್ ಅನ್ನೋ ಉತ್ತರ ಬಾಯಿಗೆ ತಾನಾಗಿ ಬಂದುಬಿಡುತ್ತೆ. ಆದರೆ ಬೆಡ್‌ಪ್ಯಾನ್ ನೋಡದೆ ಆ ಉತ್ತರ ಕೊಡಬಾರದು, ಇದು ನಮ್ಮವರಿಗೆಲ್ಲ ನಾನು ಹೇಳೋ ಮಾತು. ಐರನ್ನಿನ ಕಪ್ಪಿನಲ್ಲಿ ಸ್ವಲ್ಪ ಹಸಿರು ಇರುತ್ತೆ, ಮಲ ಗಟ್ಟಿ, ವಾಸನೆ ಮಾಮೂಲಿ. ರಕ್ತದ್ದು ಡಾಂಬರು ಕರಗಿದ ಹಾಗೆ, ಹೊಳೆಯುತ್ತೆ, ಅಂಟುತ್ತೆ. ಒಂದು ಸಲ ಆ ವಾಸನೆ ಗೊತ್ತಾದರೆ ಆಮೇಲೆ ಬಾಗಿಲಲ್ಲಿ ನಿಂತೇ ಹೇಳಬಹುದು. ಹೊಟ್ಟೆಯಲ್ಲಿ 50ರಿಂದ 100 ಎಂಎಲ್ ರಕ್ತ ಸೋರಿದರೂ ಸಾಕು, ಮಲ ಹಾಗಾಗೋದಕ್ಕೆ.

ಇನ್ನೊಂದು ವಿಷಯ ಇಲ್ಲಿ ಯಾರೂ ಹೇಳಲಿಲ್ಲ. ಅವರು ಮೆಟೊಪ್ರೊಲಾಲ್ ಮೇಲಿದ್ದಾರೆ. ಆ ಮಾತ್ರೆ ನಾಡಿಯನ್ನು ಓಡಲು ಬಿಡೋದಿಲ್ಲ. ಬೇರೆಯವರಿಗೆ 120 ಆಗೋ ಕಡೆ ಇವರಿಗೆ 86 ಅಷ್ಟೇ ಆಗಿರುತ್ತೆ. ನಾಡಿ ನಾರ್ಮಲ್ ಅಂತ ಚಾರ್ಟಿನಲ್ಲಿ ಬರೆದರೆ ಓದಿದವರು ನಿಶ್ಚಿಂತೆಯಿಂದ ಹೋಗುತ್ತಾರೆ. ಇಂಥ ಪೇಷಂಟನ್ನು ಹುಷಾರಾಗಿ ಕೂರಿಸಿ ಬಿಪಿ ಮತ್ತೊಂದು ಸಲ ನೋಡಬೇಕು, ಕೈಕಾಲು ತಣ್ಣಗಾಗಿದೆಯಾ, ಮೂತ್ರ ಎಷ್ಟಾಗಿದೆ ನೋಡಬೇಕು.

ಕರಾವಳಿ ಆಂಬ್ಯುಲೆನ್ಸ್:
ಇಂಜೆಕ್ಷನ್ ಕೊಡದೇ ಇದ್ದದ್ದು ಸರಿ ಅಂದಿರಲ್ಲ, ಅದು ನನಗೆ ಒಪ್ಪಿಗೆ ಇಲ್ಲ. ಟ್ರಾನೆಕ್ಸಾಮಿಕ್ ಆಸಿಡ್ ವಿಷಯ ಅಲ್ವಾ ಇದು? ಅಪಘಾತ ಆದವರಿಗೆ ಮೂರು ಗಂಟೆಯೊಳಗೆ ಕೊಟ್ಟರೆ ಜೀವ ಉಳಿಯುತ್ತೆ. ಹೆರಿಗೆ ಆದ ಮೇಲೆ ರಕ್ತ ನಿಲ್ಲದಿದ್ದರೂ ಕೊಡುತ್ತಾರೆ. ಅಪಘಾತದ ವಿಷಯದಲ್ಲಂತೂ 20 ಸಾವಿರಕ್ಕೂ ಹೆಚ್ಚು ಜನರ ಮೇಲೆ ಪರೀಕ್ಷೆ ಮಾಡಿ 2010ರಲ್ಲೇ ತೋರಿಸಿಕೊಟ್ಟಿದ್ದಾರೆ. ಬೆಲೆಯೂ ಕಡಿಮೆ. ಹೊಟ್ಟೆಯ ರಕ್ತ ಅಂದ ಕೂಡಲೇ ಅದು ಬೇರೆ ಹೇಗಾಯಿತು?

ಗ್ಯಾಸ್ಟ್ರೋ ಪಿಜಿ:
ನಾವೂ ಹಾಗೇ ಅಂದುಕೊಂಡಿದ್ದೆವು. ಅಪಘಾತಕ್ಕೆ, ಹೆರಿಗೆಗೆ ನೀವು ಹೇಳಿದ್ದು ಸರಿ. ಆದರೆ ಹೊಟ್ಟೆ ಮತ್ತು ಕರುಳಿನ ರಕ್ತಸ್ರಾವಕ್ಕೆ ಅಂತಲೇ ಹಾಲ್ಟ್-ಐಟಿ ಅನ್ನೋ ದೊಡ್ಡ ಅಧ್ಯಯನ ಆಯಿತು. 15 ದೇಶ, 12,009 ರೋಗಿಗಳು, ಫಲಿತಾಂಶ ಬಂದಿದ್ದು 2020ರಲ್ಲಿ. ಐದು ದಿನದೊಳಗೆ ರಕ್ತ ಹೋಗಿ ಸತ್ತವರು ಔಷಧಿ ಕೊಟ್ಟವರಲ್ಲೂ ಸುಮಾರು 4 ಪರ್ಸೆಂಟ್, ಕೊಡದವರಲ್ಲೂ ಅಷ್ಟೇ. ಮೇಲಾಗಿ ಕಾಲಿನ ನಾಳದಲ್ಲಿ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದು ಔಷಧಿ ಪಡೆದವರಲ್ಲಿ 0.8 ಪರ್ಸೆಂಟ್, ಪಡೆಯದವರಲ್ಲಿ 0.4. ಫಿಟ್ಸ್ ಕೂಡ ಜಾಸ್ತಿ. ಸ್ಟೆಂಟ್ ಇರೋ ಮನುಷ್ಯನಿಗೆ ಲಾಭ ಇಲ್ಲದ ಅಪಾಯ ಯಾಕೆ ಬೇಕು?

ಇನ್ನು ಎಂಡೋಸ್ಕೋಪಿ. 24 ಗಂಟೆಯೊಳಗೆ ಆಗಬೇಕು, ಅದು ನಿಯಮ. ಹಾಂಗ್‌ಕಾಂಗಿನಲ್ಲಿ ಅಪಾಯ ಜಾಸ್ತಿ ಇರೋ 516 ಜನರನ್ನು ತೆಗೆದುಕೊಂಡು, ಅರ್ಧದಷ್ಟು ಜನಕ್ಕೆ 6 ಗಂಟೆಯೊಳಗೆ, ಉಳಿದವರಿಗೆ 6ರಿಂದ 24 ಗಂಟೆಯೊಳಗೆ ಮಾಡಿ ನೋಡಿದರು. ಬೇಗ ಮಾಡಿದ್ದರಿಂದ ಜಾಸ್ತಿ ಜನ ಉಳಿಯಲಿಲ್ಲ. ಬಿಪಿ ಬಿದ್ದಿರುವಾಗ ಗಂಟಲಿಗೆ ಟ್ಯೂಬ್ ಇಳಿಸಿದರೆ ಪ್ರಾಣಕ್ಕೇ ಕುತ್ತು. ಮೊದಲು ಸಲೈನ್, ರಕ್ತ, ಹೊಟ್ಟೆಯ ಆಮ್ಲ ಕಡಿಮೆ ಮಾಡೋ ಪ್ಯಾಂಟೊಪ್ರಜೋಲ್ ಕೊಟ್ಟು ಮನುಷ್ಯನನ್ನು ಒಂದು ಹದಕ್ಕೆ ತರಬೇಕು, ಆಮೇಲೆ ಎಂಡೋಸ್ಕೋಪಿ. ಎಷ್ಟು ಕೊಟ್ಟರೂ ಬಿಪಿ ನಿಲ್ಲುತ್ತಿಲ್ಲ ಅಂದರೆ ಆ ಮಾತು ಬೇರೆ, ಆಗ ಕಾಯೋ ಹಾಗಿಲ್ಲ.

ನೈಟ್ ಡ್ಯೂಟಿ ಸಿಸ್ಟರ್:
ಹದಕ್ಕೆ ತರೋದು ಅಂದಿರಲ್ಲ, ಅದು ಶುರು ಆಗೋದು ಕ್ಯಾನುಲಾದಿಂದ, ಅಂದರೆ ನಾಳಕ್ಕೆ ಹಾಕೋ ಸಣ್ಣ ಕೊಳವೆಯಿಂದ. ಅದರ ದಪ್ಪ ಬಣ್ಣದಿಂದ ಗೊತ್ತಾಗುತ್ತೆ. ಕೈಯಲ್ಲಿ ನೀಲಿ ಕ್ಯಾನುಲಾ ಇದ್ದರೆ ನಿಮಿಷಕ್ಕೆ ಸುಮಾರು 35 ಎಂಎಲ್ ಹೋಗುತ್ತೆ, ಬೂದು ಬಣ್ಣದ್ದು ಹಾಕಿದರೆ 180ರ ಆಸುಪಾಸು. ರಕ್ತ ಹೋಗ್ತಾ ಇದೆ ಅಂತ ಅನುಮಾನ ಬಂದ ಗಳಿಗೆಯಲ್ಲೇ ಎರಡು ಕೈಗೂ ಹಸಿರೋ ಬೂದುವೋ ಹಾಕಿಬಿಡಬೇಕು. ಕುಸಿದ ಮೇಲೆ ನಾಳ ಹುಡುಕಿದರೆ ಸಿಗೋದಿಲ್ಲ. ಅದರ ಜೊತೆಗೇ ಕ್ರಾಸ್‌ಮ್ಯಾಚ್‌ಗೆ, ಅಂದರೆ ಕೊಡೋ ರಕ್ತ ಇವರಿಗೆ ಹೊಂದುತ್ತಾ ನೋಡೋದಕ್ಕೆ, ಸ್ಯಾಂಪಲ್ ಕಳಿಸಬೇಕು. ರಕ್ತ ಸಿದ್ಧವಾಗಿ ಕೈಗೆ ಬರಲು ಮುಕ್ಕಾಲು ಗಂಟೆ, ಒಂದು ಗಂಟೆ ಬೇಕು.

ಕರಾವಳಿ ಆಂಬ್ಯುಲೆನ್ಸ್:
ಇಂಜೆಕ್ಷನ್ ವಿಷಯ ಒಪ್ಪಿದೆ. ಆದರೆ ಒಂದೇ ಬಾಟಲಿ ರಕ್ತ ಸಾಕು ಅನ್ನೋದು ಹೇಗೆ? ಹಾರ್ಟ್ ಪೇಷಂಟ್ ಅಲ್ವಾ ಅವರು?

ಗ್ಯಾಸ್ಟ್ರೋ ಪಿಜಿ:
ಹಾರ್ಟ್ ತೊಂದರೆ ಇಲ್ಲದವರಿಗೆ ಹಿಮೋಗ್ಲೋಬಿನ್ 7ಕ್ಕಿಂತ ಕೆಳಗೆ ಇಳಿದರೆ ಕೊಡುತ್ತೇವೆ, ಇದ್ದವರಿಗೆ 8. ಇವರದು 7.4, ಹಾಗಾಗಿ ಕೊಟ್ಟರು. ಒಂದು ಬಾಟಲಿಗೆ ಸುಮಾರು 1 ಗ್ರಾಂ ಏರುತ್ತೆ. ಕೊಟ್ಟು, ಮತ್ತೆ ಪರೀಕ್ಷೆ ಮಾಡಿ, ಬೇಕಾದರೆ ಇನ್ನೊಂದು. ಬಾರ್ಸಿಲೋನಾದಲ್ಲಿ 921 ಜನರ ಮೇಲೆ ಮಾಡಿದ ಅಧ್ಯಯನ 2013ರಲ್ಲಿ ಬಂತು. 7 ಆಗುವವರೆಗೆ ತಡೆದು ಕೊಟ್ಟವರಲ್ಲಿ ಆರು ವಾರದ ಹೊತ್ತಿಗೆ 95 ಪರ್ಸೆಂಟ್ ಬದುಕಿದ್ದರು, 9ಕ್ಕೇ ಕೊಡಲು ಶುರು ಮಾಡಿದವರಲ್ಲಿ 91. ಜಾಸ್ತಿ ರಕ್ತ ಕೊಟ್ಟವರಲ್ಲಿ ಮತ್ತೆ ರಕ್ತಸ್ರಾವ ಆಗಿದ್ದೂ ಜಾಸ್ತಿ.

ನೈಟ್ ಡ್ಯೂಟಿ ಸಿಸ್ಟರ್:
ಆ ಅಧ್ಯಯನದಲ್ಲಿ ಕಣ್ಣೆದುರೇ ರಕ್ತ ಸುರಿಯುತ್ತಿದ್ದವರನ್ನು ಸೇರಿಸಿಕೊಂಡಿರಲಿಲ್ಲ, ಅದನ್ನೂ ಹೇಳಿ ಡಾಕ್ಟ್ರೇ. ಇಲ್ಲಾಂದರೆ ಇದನ್ನು ಓದಿದ ಯಾರೋ ಬಕೆಟ್‌ಗಟ್ಟಲೆ ವಾಂತಿ ಮಾಡಿಕೊಳ್ಳೋ ಪೇಷಂಟ್‌ಗೂ 7 ಆಗಲಿ ಅಂತ ಕೂರುತ್ತಾರೆ.

ಗ್ಯಾಸ್ಟ್ರೋ ಪಿಜಿ:
ನಿಜ ಸಿಸ್ಟರ್, ಹೇಳಲೇಬೇಕಿತ್ತು. ಸುರಿಯುತ್ತಿರುವಾಗ ಸಂಖ್ಯೆ ನೋಡಿಕೊಂಡು ಕೂರೋ ಹಾಗಿಲ್ಲ.

ಮೆಡಿಕಲ್ ಶಾಪ್ ಅಣ್ಣ:
ಬರೀ ಆಸ್ಪಿರಿನ್ 75ಕ್ಕೇ ಇಷ್ಟು ಆಯಿತಾ? ಅಪ್ಪ ಮಂಡಿನೋವಿಗೆ ಏನಾದರೂ ತೆಗೆದುಕೊಳ್ಳುತ್ತಿದ್ದರಾ ಕೇಳಿ ನೋಡಿ.

ಹೇಮಾವತಿ ದಂಡೆ:
ಅಮ್ಮನಿಗೆ ಈಗ ಫೋನ್ ಮಾಡಿ ಕೇಳಿದೆ. ಅಸಿಕ್ಲೋಫೆನಾಕ್ ಅಂತೆ, ಇಪ್ಪತ್ತು ದಿನದಿಂದ ದಿನಕ್ಕೆ ಎರಡು. ಆಸ್ಪತ್ರೆಯಲ್ಲೂ ದಿಂಬಿನ ಕೆಳಗೆ ಇಟ್ಟುಕೊಂಡು ನುಂಗಿದ್ದಾರೆ. ಊಟ ಆದ ಮೇಲೆ ತಗೊಂಡರೆ ಏನೂ ಆಗಲ್ಲ ಅಂತ ಯಾರೋ ಹೇಳಿದ್ದರಂತೆ. ಒಂದು ದಿನವೂ ಹೊಟ್ಟೆನೋವು ಅಂದಿರಲಿಲ್ಲ.

ಮೆಡಿಕಲ್ ಶಾಪ್ ಅಣ್ಣ:
ದಿನಾ ಕೇಳೋ ಮಾತು ಅದು, ಪೂರ್ತಿ ತಪ್ಪು. ಹೊಟ್ಟೆಯ ಒಳಪದರವನ್ನು ಕಾಯೋ ಒಂದು ವಸ್ತು ನಮ್ಮ ದೇಹದಲ್ಲೇ ತಯಾರಾಗುತ್ತೆ. ನೋವಿನ ಮಾತ್ರೆ ರಕ್ತದ ಮೂಲಕ ಹೋಗಿ ಅದನ್ನೇ ನಿಲ್ಲಿಸುತ್ತೆ. ಊಟ ಆದ ಮೇಲೆ ತೆಗೆದುಕೊಂಡರೂ, ಇಂಜೆಕ್ಷನ್ ಹಾಕಿಸಿಕೊಂಡರೂ ಅಷ್ಟೇ. ಆಸ್ಪಿರಿನ್ ಜೊತೆ ಸೇರಿದರೆ ಇನ್ನೂ ಕಷ್ಟ. ವಯಸ್ಸಾದವರಿಗೆ ನೋವೇ ಇಲ್ಲದೆ ಹುಣ್ಣಾಗಿ ಒಮ್ಮೆಲೇ ರಕ್ತ ಹೋಗೋದೂ ಇದೆ. ಚೀಟಿ ಇಲ್ಲದೆ ಸ್ಟ್ರಿಪ್ ಕೇಳಿಕೊಂಡು ಬಂದ ಹಿರಿಯರಿಗೆ ನಾನು ಮೊದಲು ಕೇಳೋದು, ಹಾರ್ಟಿನ ಮಾತ್ರೆ ಇದೆಯಾ ಅಂತ. ಬೇಜಾರು ಮಾಡಿಕೊಂಡು ಪಕ್ಕದ ಅಂಗಡಿಗೆ ಹೋಗುತ್ತಾರೆ. ಹೋಗಲಿ, ನಾನಂತೂ ಕೊಡೋದಿಲ್ಲ.

ನೈಟ್ ಡ್ಯೂಟಿ ಸಿಸ್ಟರ್:
ಮಲ ಕಪ್ಪಗಾಗದೆಯೂ ರಕ್ತ ಹೋಗುತ್ತೆ, ಅದನ್ನೂ ಇಲ್ಲೇ ಬರೆದುಬಿಡುತ್ತೇನೆ. ನನ್ನ ವಾರ್ಡಿನಲ್ಲಿ ಒಬ್ಬ ಅಜ್ಜಿ ಹೆಪಾರಿನ್ ಮೇಲಿದ್ದರು, ರಕ್ತ ಹೆಪ್ಪುಗಟ್ಟದ ಹಾಗೆ ಕೊಡೋ ಔಷಧಿ ಅದು. ಸಂಜೆಯಿಂದ ಎಡ ತೊಡೆ ಸೆಳೀತಾ ಇದೆ, ಸೊಂಟ ಹಿಡಿದಿದೆ ಅಂತ ಒಂದೇ ಸಮನೆ ಹೇಳುತ್ತಿದ್ದರು. ಮಲಗಿ ಮಲಗಿ ಹಾಗಾಗಿದೆ ಅಂದುಕೊಂಡು ಬಿಸಿನೀರಿನ ಬ್ಯಾಗ್ ಕೊಟ್ಟೆ. ರಾತ್ರಿ ನಾಡಿ 92, 104, 118. ಮೂರೂ ನನ್ನ ಕೈಬರಹ. ಆದರೆ ಪ್ರತಿ ಸಲ ಆ ಹೊತ್ತಿನ ಒಂದು ಸಂಖ್ಯೆ ಮಾತ್ರ ನೋಡಿದೆ, ಸಾಲಾಗಿ ಓದಲಿಲ್ಲ. ಸಿಟಿ ಮಾಡಿಸಿದಾಗ ಹೊಟ್ಟೆಯ ಹಿಂಭಾಗದಲ್ಲಿ ಬೆನ್ನಿನ ಕಡೆಗೆ ರಕ್ತ ತುಂಬಿತ್ತು. ಹೊರಗೆ ಒಂದು ಹನಿಯೂ ಕಾಣಲಿಲ್ಲ. ಹೆಪಾರಿನ್ ನಿಲ್ಲಿಸಿ, ಅದರ ಪರಿಣಾಮ ಇಳಿಸೋ ಪ್ರೋಟಮಿನ್ ಕೊಟ್ಟು, ರಕ್ತ ಕೊಟ್ಟು ಉಳಿಸಿಕೊಂಡರು. ಅಲ್ಲಿಂದ ಈಚೆಗೆ ರಕ್ತ ತೆಳ್ಳಗೆ ಮಾಡೋ ಔಷಧಿ ಇರೋರು ಬೆನ್ನು, ತೊಡೆ ಅಂದರೆ ನಾನು ಮೊದಲು ಚಾರ್ಟ್ ತೆಗೆದು ನಾಡಿಯ ಸಾಲು ಓದುತ್ತೇನೆ.

ಗ್ಯಾಸ್ಟ್ರೋ ಪಿಜಿ:
ಹೇಮಾವತಿಯವರೇ, ಒಂದು ಮುಖ್ಯ ವಿಷಯ. ಆಸ್ಪಿರಿನ್ ಮತ್ತೆ ಶುರು ಮಾಡಿದರಾ?

ಹೇಮಾವತಿ ದಂಡೆ:
ಇಲ್ಲ. ಅದರಿಂದಲೇ ರಕ್ತ ಹೋಯಿತು ಅಲ್ವಾ, ಇನ್ನು ಬೇಡ ಅಂತ ಮನೆಯಲ್ಲಿ ಎಲ್ಲರೂ ತೀರ್ಮಾನ ಮಾಡಿದ್ದೇವೆ. ವಾರ್ಡಿನಲ್ಲೂ ಯಾರೂ ಆ ಮಾತು ಎತ್ತಲಿಲ್ಲ.

ಗ್ಯಾಸ್ಟ್ರೋ ಪಿಜಿ:
ದಯವಿಟ್ಟು ಈಗಲೇ ಎದ್ದು ಹೋಗಿ ಡಾಕ್ಟರನ್ನು ಕೇಳಿ. ಸ್ಟೆಂಟ್ ಇರುವವರಿಗೆ ರಕ್ತ ನಿಂತ ಮೇಲೆ ಸಾಮಾನ್ಯವಾಗಿ 3ರಿಂದ 5 ದಿನದೊಳಗೆ ಶುರು ಮಾಡುತ್ತೇವೆ, ಜೊತೆಗೆ ಪ್ಯಾಂಟೊಪ್ರಜೋಲ್ ಥರದ ಮಾತ್ರೆ ಇರಲೇಬೇಕು. 2010ರ ಒಂದು ಅಧ್ಯಯನ, ಅದೂ ಹಾಂಗ್‌ಕಾಂಗಿನದೇ, 156 ಜನ. ಆಸ್ಪಿರಿನ್ ಮುಂದುವರಿಸಿದವರಲ್ಲಿ ಮತ್ತೆ ರಕ್ತ ಹೋಗಿದ್ದು 10.3 ಪರ್ಸೆಂಟ್, ನಿಲ್ಲಿಸಿದವರಲ್ಲಿ 5.4. ಆದರೆ ಎಂಟು ವಾರದಲ್ಲಿ ಸತ್ತವರು ಮುಂದುವರಿಸಿದವರಲ್ಲಿ 1.3, ನಿಲ್ಲಿಸಿದವರಲ್ಲಿ 12.9. ಹುಣ್ಣಿಗೆ ಕಾರಣ ಆಗೋ ಎಚ್ ಪೈಲೋರಿ ಅನ್ನೋ ಬ್ಯಾಕ್ಟೀರಿಯಾದ ಪರೀಕ್ಷೆ ಆಗಿದೆಯಾ ಅಂತಲೂ ಕೇಳಿ. ರಕ್ತ ಹೋಗುತ್ತಿರುವಾಗ ಮಾಡಿದ ಪರೀಕ್ಷೆಯಲ್ಲಿ ಅದು ಇದ್ದರೂ ಇಲ್ಲ ಅಂತ ಬರಬಹುದು, ಆಗ ಇನ್ನೊಮ್ಮೆ ಮಾಡಿಸಬೇಕು.

ಹೇಮಾವತಿ ದಂಡೆ:
ಕೇಳಿ ಬಂದೆ. ಡಾಕ್ಟರ್ ಚಾರ್ಟ್ ನೋಡಿ, ನಿನ್ನೆಯೇ ಶುರು ಮಾಡಬೇಕಿತ್ತು ಅಂದರು. ಇವತ್ತಿನಿಂದ 75 ಬರೆದರು. ಎಚ್ ಪೈಲೋರಿ ನೆಗೆಟಿವ್ ಬಂದಿದೆಯಂತೆ, ಮುಂದಿನ ತಿಂಗಳು ಮತ್ತೆ ಮಾಡಿಸೋಣ ಅಂದರು. ದಿಂಬಿನ ಕೆಳಗಿದ್ದ ಸ್ಟ್ರಿಪ್ ನಾನೇ ತೆಗೆದುಕೊಂಡು ಬಂದೆ, ಆರು ಮಾತ್ರೆ ಉಳಿದಿದ್ದವು.

ನೈಟ್ ಡ್ಯೂಟಿ ಸಿಸ್ಟರ್:
ಎದ್ದು ನಿಂತಾಗ ತಲೆ ಸುತ್ತುತ್ತಾ?

ಹೇಮಾವತಿ ದಂಡೆ:
ಇಲ್ಲ ಸಿಸ್ಟರ್. ನಾಡಿ ಮಲಗಿದಾಗ 72, ನಿಂತಾಗ 78. ಬೆಳಿಗ್ಗೆ ಬೆಡ್‌ಪ್ಯಾನ್ ನಾನೇ ನೋಡಿದೆ. ಕಂದು ಬಣ್ಣ. ನೀರು ಹಾಕಿದ ಕೂಡಲೇ ಬಿಟ್ಟಿತು.